ಗೀಳಿನವರು ಉಳಿಸಿಕೊಟ್ಟ ಚರಿತ್ರೆ

ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಬ್ಲೂಸ್ ಹಾಡುಗಾರರು 1928ರಲ್ಲಿ ಓಕೆ ಕಂಪನಿಗೆ ಹಾಡಿಕೊಟ್ಟ ಪ್ಲೇಟುಗಳಲ್ಲೊಂದರಲ್ಲಿ ತಮ್ಮ ಊರಿನ ಹೆಸರು ಹೇಳಿಕೊಂಡಿದ್ದರು: ಅವಲಾನ್. ಪ್ಲೇಟುಗಳು ಹೆಚ್ಚು ಮಾರಾಟವಾಗಲಿಲ್ಲ. ಮರುವರ್ಷವೇ ಅಮೆರಿಕದ ಆರ್ಥಿಕ ಕುಸಿತ ಶುರುವಾಯಿತು. ಕಂಪನಿ ಅವರನ್ನು ಮರೆಯಿತು, ಅವರು ಹೊಲದ ಕೆಲಸಕ್ಕೆ ಮರಳಿದರು. 35 ವರ್ಷಗಳ ನಂತರ, 1963ರಲ್ಲಿ, ಟಾಮ್ ಹಾಸ್ಕಿನ್ಸ್ ಎಂಬ ಯುವಕ ಆ ಹಾಡನ್ನು ಮತ್ತೆ ಮತ್ತೆ ಕೇಳಿ, ಅದರಲ್ಲಿರುವುದು ಲಯಕ್ಕಾಗಿ ತಂದ ಹೆಸರಲ್ಲ, ವಿಳಾಸ ಎಂದು ಊಹಿಸಿದರು. ಆಗಿನ ನಕ್ಷೆಗಳಲ್ಲಿ ಆ ಊರು ಸಿಗಲಿಲ್ಲ, ಹಳೆಯ ಅಟ್ಲಾಸೊಂದರಲ್ಲಿ ಸಿಕ್ಕಿತು. ಹೋಗಿ ವಿಚಾರಿಸಿದರೆ, ಎಪ್ಪತ್ತರ ಆಸುಪಾಸಿನ ಹರ್ಟ್ ಅಲ್ಲೇ ಇದ್ದರು. ಅದೇ ಬೇಸಿಗೆಯಲ್ಲಿ ಅವರು ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆ ಹತ್ತಿದರು. 1966ರಲ್ಲಿ ತೀರಿಕೊಳ್ಳುವ ಮೊದಲು ಮತ್ತಷ್ಟು ಧ್ವನಿಮುದ್ರಿಕೆಗಳನ್ನು ಬಿಟ್ಟುಹೋದರು. ಒಂದು ಹಾಡಿನ ಒಂದು ಪದವನ್ನು ಯಾರೋ ಒಬ್ಬರು ಅತಿಯಾಗಿ ಗಮನಿಸಿದ್ದರಿಂದ ಇಷ್ಟೆಲ್ಲ ಆಯಿತು.

ಈ 'ಅತಿ'ಯನ್ನು ಕನ್ನಡದಲ್ಲಿ ಗೀಳು ಎನ್ನುತ್ತೇವೆ. ಹವ್ಯಾಸ ಎನ್ನುವಾಗ ಇರುವ ಮೆಚ್ಚುಗೆ ಆ ಮಾತಿನಲ್ಲಿಲ್ಲ, ಕಾಯಿಲೆಯ ವಾಸನೆ ಇದೆ. ರಾಕ್ ಸಂಗೀತದ ಗೀಳು ಹತ್ತಿದವರ ಬಗ್ಗೆ ಲೋಕದ ಅಭಿಪ್ರಾಯವೂ ಹಾಗೆಯೇ: ಒಂದೇ ಹಾಡಿನ ಹನ್ನೊಂದು ಆವೃತ್ತಿಗಳನ್ನು ಹುಡುಕುವವರು, ಯಾವ ಟೇಕಿನಲ್ಲಿ ಯಾರು ಗಿಟಾರ್ ನುಡಿಸಿದರು ಎಂದು ವಾದಕ್ಕೆ ಕೂರುವವರು, ಬೆಳೆಯಲು ಒಪ್ಪದ ಹುಡುಗರು. ಈ ಅಭಿಪ್ರಾಯ ತಪ್ಪು ಎಂಬುದು ನನ್ನ ವಾದ. ರಾಕ್ ಸಂಗೀತಕ್ಕೆ ಇಂದು ಒಂದು ಚರಿತ್ರೆ ಎಂಬುದಿದ್ದರೆ, ಅದರ ದೊಡ್ಡ ಪಾಲನ್ನು ಉಳಿಸಿದ್ದು ಅದನ್ನು ತಯಾರಿಸಿ ಮಾರಿದ ಕಂಪನಿಗಳಲ್ಲ, ತಡವಾಗಿ ಬಂದ ವಿಶ್ವವಿದ್ಯಾಲಯಗಳೂ ಅಲ್ಲ. ಸಂಬಳವಿಲ್ಲದೆ, ಯಾರೂ ಕೇಳದಿದ್ದರೂ ಉಳಿಸಿದವರು ಈ ಗೀಳಿನವರು. ಹಾಗೆ ಉಳಿಸುವಾಗ ಅವರು ಅದನ್ನು ತಮ್ಮ ಇಷ್ಟಕ್ಕೆ ತಕ್ಕಂತೆ ಬಾಗಿಸಿದರು ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ನೋಡದೆ ಈ ಪ್ರಶ್ನೆ ಬಗೆಹರಿಯುವುದಿಲ್ಲ.

ಕನ್ನಡ ಓದುಗರಿಗೆ ಇಲ್ಲೊಂದು ಭೇದವನ್ನು ಹೇಳಬೇಕು. ನಮ್ಮಲ್ಲಿ ಅಭಿಮಾನಿ ಎಂದರೆ ಮೊದಲು ನೆನಪಾಗುವುದು ವ್ಯಕ್ತಿಯ ಮೇಲಿನ ಪ್ರೀತಿ. ಡಾ. ರಾಜ್‌ಕುಮಾರ್ ಅವರು ಅಭಿಮಾನಿಗಳನ್ನು ದೇವರುಗಳೆಂದು ಕರೆದಾಗ ಆ ಪ್ರೀತಿಗೆ ಉತ್ತರ ಕೊಟ್ಟಿದ್ದರು. ರಾಕ್ ಲೋಕದಲ್ಲಿಯೂ ಅಂಥ ಅಭಿಮಾನಿಗಳು ಲಕ್ಷಗಟ್ಟಲೆ ಇದ್ದಾರೆ. ಆದರೆ ನಾನಿಲ್ಲಿ ಹೇಳುತ್ತಿರುವವರು ಬೇರೆ ಜಾತಿಯವರು. ಅವರ ಪ್ರೀತಿ ಹಾಡುಗಾರನ ಮುಖದಿಂದ ಆಚೆ, ಪ್ಲೇಟಿನ ಲೇಬಲಿಗೆ, ಅದರ ಮೇಲೆ ಗೀರಿದ ಮ್ಯಾಟ್ರಿಕ್ಸ್ ಸಂಖ್ಯೆಗೆ, ಧ್ವನಿಮುದ್ರಣದ ದಿನಾಂಕಕ್ಕೆ ಹರಿಯುತ್ತದೆ. ಅವರಿಗೆ ಹಾಡು ಎಲ್ಲಿಂದ ಬಂತು ಎಂದು ತಿಳಿಯದೆ ನಿದ್ದೆ ಬರುವುದಿಲ್ಲ.

ಬ್ಲೂಸ್‌ನಿಂದ ರಾಕ್ ಹುಟ್ಟಿದ್ದರಲ್ಲೇ ಇಂಥವರ ಪಾಲಿದೆ. 1940ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ವೈಎಂಸಿಎಯ ಒಂದು ಕೋಣೆಯಲ್ಲಿ ವಾಸವಾಗಿದ್ದ ಜೇಮ್ಸ್ ಮೆಕ್ಯೂನ್ ತಮ್ಮ ಹಳೆಯ ಬ್ಲೂಸ್ ಪ್ಲೇಟುಗಳನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಆಗ ಸಂಗ್ರಾಹಕರು ಜಾಸ್ ಪ್ಲೇಟುಗಳಿಗಾಗಿ ಮುಗಿಬೀಳುತ್ತಿದ್ದರು. ಚಾರ್ಲಿ ಪ್ಯಾಟನ್‌ರಂಥ ಮಿಸಿಸಿಪ್ಪಿಯ ಹಳ್ಳಿಗಾಡಿನ ಹಾಡುಗಾರರ ಪ್ಲೇಟಿಗೆ ಬೆಲೆಯೇ ಇರಲಿಲ್ಲ. ಮೆಕ್ಯೂನ್ ಮತ್ತು ಅವರ ಸುತ್ತ ಸೇರಿದ ನಾಲ್ಕಾರು ಜನ ಅವೇ ಶ್ರೇಷ್ಠವೆಂದು ಹಟ ಹಿಡಿದರು, ಹುಡುಕಿದರು, ಮರುಮುದ್ರಿಸಿದರು. 1952ರಲ್ಲಿ ಹ್ಯಾರಿ ಸ್ಮಿತ್ ತಮ್ಮ ಸಂಗ್ರಹದಿಂದಲೇ 84 ಹಾಡುಗಳನ್ನು ಆಯ್ದು ಅಮೆರಿಕದ ಜಾನಪದ ಸಂಗೀತದ ಸಂಕಲನ ಹೊರತಂದರು. ನ್ಯೂಯಾರ್ಕಿನ ಜಾನಪದ ಗಾಯಕರ ಒಂದು ತಲೆಮಾರು ಅದನ್ನೇ ಪಠ್ಯಪುಸ್ತಕ ಮಾಡಿಕೊಂಡಿತು. 1961ರಲ್ಲಿ ಕೊಲಂಬಿಯಾ ಕಂಪನಿ ರಾಬರ್ಟ್ ಜಾನ್ಸನ್‌ರ ಹಾಡುಗಳ ಒಂದು ಎಲ್‌ಪಿಯನ್ನು ತಂದಿತು. 1936 ಮತ್ತು 1937ರಲ್ಲಿ ಟೆಕ್ಸಸ್‌ನಲ್ಲಿ ಒಟ್ಟು 29 ಹಾಡುಗಳನ್ನು ಮುದ್ರಿಸಿ, 1938ರಲ್ಲಿ ತೀರಿಕೊಂಡವರು ಜಾನ್ಸನ್. ಆ ಎಲ್‌ಪಿ ಇಂಗ್ಲೆಂಡಿನಲ್ಲಿ ರಾಕ್ ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್ ಮತ್ತು ಕೀತ್ ರಿಚರ್ಡ್ಸ್ ಕೈಗೆ ಸಿಕ್ಕಿದ ಮೇಲೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು.

ಅದೇ 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ರಿಚರ್ಡ್ಸ್ ಮತ್ತು ಮಿಕ್ ಜಾಗರ್ ಬಹಳ ವರ್ಷಗಳ ನಂತರ ಎದುರಾದರು. ಮಾತು ಬೆಳೆಯಲು ಕಾರಣ ಜಾಗರ್ ಕಂಕುಳಲ್ಲಿದ್ದ ಎಲ್‌ಪಿಗಳು: ಚಕ್ ಬೆರಿ, ಮಡ್ಡಿ ವಾಟರ್ಸ್. ಇಂಗ್ಲೆಂಡಿನ ಅಂಗಡಿಗಳಲ್ಲಿ ಸಿಗದಿದ್ದ ಇಂಥ ಪ್ಲೇಟುಗಳನ್ನು ಜಾಗರ್ ಷಿಕಾಗೋದ ಚೆಸ್ ಕಂಪನಿಗೆ ಹಣ ಕಳಿಸಿ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು. ಮುಂದೆ ಅವರ ತಂಡಕ್ಕೆ ಹೆಸರು ಸಿಕ್ಕಿದ್ದೂ ಮಡ್ಡಿ ವಾಟರ್ಸ್ ಹಾಡಿನಿಂದ. ರೋಲಿಂಗ್ ಸ್ಟೋನ್ಸ್ ಎಂಬ ಮಹಾ ತಂಡ ಹೀಗೆ ಇಬ್ಬರು ಪ್ಲೇಟಿನ ಹುಚ್ಚರ ಪರಿಚಯವಾಗಿ ಆರಂಭವಾಯಿತು. ಕೇಳುಗ ಬೇರೆ, ಕಲಾವಿದ ಬೇರೆ ಎಂದು ಗೆರೆ ಎಳೆಯುವವರು ಈ ನಿಲ್ದಾಣದಲ್ಲಿ ಆ ಗೆರೆಯನ್ನು ಎಲ್ಲಿ ಎಳೆಯುತ್ತಾರೆ? 1964ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮೂವರು ಯುವಕರು ಸನ್ ಹೌಸ್‌ರನ್ನು ಪತ್ತೆ ಮಾಡಿದಾಗಿನ ಸಂಗತಿ ಇನ್ನೂ ಕಟುವಾದದ್ದು. ರಾಬರ್ಟ್ ಜಾನ್ಸನ್‌ಗೆ ಮಾದರಿಯಾಗಿದ್ದ ಆ ಹಿರಿಯರು ಗಿಟಾರ್ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು, ತಮ್ಮದೇ ಹಾಡುಗಳು ಮರೆತುಹೋಗಿದ್ದವು. ಅವನ್ನು ಅವರಿಗೆ ಮರಳಿ ಕಲಿಸಿದವರು ಹಳೆಯ ಪ್ಲೇಟುಗಳಿಂದ ಸ್ವರ ಸ್ವರವನ್ನೂ ಕಲಿತಿದ್ದ ಅಲ್ ವಿಲ್ಸನ್ ಎಂಬ ಇಪ್ಪತ್ತರ ಹುಡುಗ. ಮುಂದೆ ಕ್ಯಾನ್ಡ್ ಹೀಟ್ ತಂಡ ಕಟ್ಟಿದವರಲ್ಲಿ ವಿಲ್ಸನ್ ಒಬ್ಬರು.

ಕಂಪನಿಗಳು ಮತ್ತು ಪ್ರಸಾರ ಸಂಸ್ಥೆಗಳು ಇದೇ ಅವಧಿಯಲ್ಲಿ ಏನು ಮಾಡುತ್ತಿದ್ದವು ಎಂದು ಕೇಳಿದರೆ ಉತ್ತರ ಸಂಕಟದ್ದು. ಬೀಟಲ್ಸ್ 1962ರಿಂದ 1965ರವರೆಗೆ ಬಿಬಿಸಿ ರೇಡಿಯೊದಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ಹಾಡು ಹೇಳಿದರು. ಅದರಲ್ಲಿ ಬಹುಪಾಲನ್ನು ಬಿಬಿಸಿ ಇಟ್ಟುಕೊಳ್ಳಲಿಲ್ಲ. ಟೇಪು ದುಬಾರಿ, ಮೇಲೆ ಮತ್ತೊಂದು ಕಾರ್ಯಕ್ರಮ ಮುದ್ರಿಸಬಹುದು, ಪಾಪ್ ಸಂಗೀತ ಮುಂದಿನ ವರ್ಷಕ್ಕೆ ಯಾರಿಗೂ ಬೇಡ ಎಂಬುದು ಅಂದಿನ ನಂಬಿಕೆ. 1994ರಲ್ಲಿ ಆ ಹಾಡುಗಳ ಅಧಿಕೃತ ಸಂಗ್ರಹ ಹೊರಬಂದಾಗ, ಮನೆಯಲ್ಲಿ ರೇಡಿಯೊದಿಂದ ಟೇಪಿಗೆ ಇಳಿಸಿಕೊಂಡಿದ್ದ ಕೇಳುಗರ ಪ್ರತಿಗಳ ನೆರವು ಬೇಕಾಯಿತು. ಅದೇ ತಂಡ 1966ರ ಜೂನ್ 16ರಂದು 'ಟಾಪ್ ಆಫ್ ದಿ ಪಾಪ್ಸ್' ಎಂಬ ಟಿವಿ ಕಾರ್ಯಕ್ರಮಕ್ಕೆ ಖುದ್ದಾಗಿ ಬಂದಿತ್ತು. ಅದರ ಟೇಪನ್ನೂ ಅಳಿಸಲಾಯಿತು. ಇಂದು ಉಳಿದಿರುವುದು ಮನೆಯ ಟಿವಿ ಪರದೆಯತ್ತ ಪುಟ್ಟ ಕ್ಯಾಮೆರಾ ಹಿಡಿದು ಯಾರೋ ತೆಗೆದ ಧ್ವನಿಯಿಲ್ಲದ ತುಣುಕುಗಳು. 1963ರ ಏಪ್ರಿಲ್ 4ರಂದು ಸ್ಟೋ ಶಾಲೆಯಲ್ಲಿ ಬೀಟಲ್ಸ್ ನಡೆಸಿದ ಕಚೇರಿಯನ್ನು 15 ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ. ಅರವತ್ತು ವರ್ಷಗಳ ನಂತರ, 2023ರಲ್ಲಿ, ಅದು ಬೆಳಕಿಗೆ ಬಂತು. ಬ್ರಿಟನ್ನಿನಲ್ಲಿ ಅವರ ಒಂದು ಇಡೀ ಕಚೇರಿಯ ಅತ್ಯಂತ ಹಳೆಯ ಧ್ವನಿಮುದ್ರಣ ಅದೇ ಎಂದು ತಿಳಿದವರು ಹೇಳುತ್ತಾರೆ. ಅಮೆರಿಕದ ಕಥೆ ಇನ್ನೂ ದುಃಖದ್ದು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಆವರಣದ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ ಮಾಸ್ಟರ್ ಟೇಪುಗಳಿದ್ದವು. ನಷ್ಟದ ಅಗಾಧತೆ ಜನರಿಗೆ ತಿಳಿದದ್ದು 11 ವರ್ಷಗಳ ನಂತರ, ನ್ಯೂಯಾರ್ಕ್ ಟೈಮ್ಸ್ ವರದಿಯಿಂದ. ಕಂಪನಿಯ ಆಂತರಿಕ ದಾಖಲೆ 5 ಲಕ್ಷ ಹಾಡುಗಳ ಅಂದಾಜು ಕೊಟ್ಟಿತ್ತೆಂದು ವರದಿ ಹೇಳಿತು, ಅದು ಉತ್ಪ್ರೇಕ್ಷೆ ಎಂದು ಕಂಪನಿ ಹೇಳಿತು. ಸಂಖ್ಯೆ ಯಾವುದಾದರೂ ಇರಲಿ, ಒಡೆಯನಿಗೆ ತನ್ನ ಗೋದಾಮಿನಲ್ಲಿ ಏನೇನಿತ್ತು ಎಂಬ ಖಚಿತ ಪಟ್ಟಿಯೇ ಇರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಗೀಳಿನವರ ಬಳಿ ಪಟ್ಟಿ ಇಲ್ಲದ ದಿನವೇ ಇಲ್ಲ.

ಕೇಳುಗರು ಹೀಗೆ ಮುದ್ರಿಸಿಕೊಳ್ಳುವುದು ಕಳ್ಳತನವಲ್ಲವೇ ಎಂಬ ಆಕ್ಷೇಪಣೆಗೆ ತೂಕವಿದೆ. 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾಣಿಸಿಕೊಂಡ 'ಗ್ರೇಟ್ ವೈಟ್ ವಂಡರ್' ಎಂಬ ಬೂಟ್‌ಲೆಗ್, ಬಾಬ್ ಡಿಲನ್ ಬಿಡುಗಡೆ ಮಾಡದ ಹಾಡುಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾರಿತು. ಅದರಿಂದ ಹಣ ಮಾಡಿಕೊಂಡವರನ್ನು ಸಮರ್ಥಿಸುವುದು ನನ್ನಿಂದಾಗದು. ಯಾವುದನ್ನು ಹೊರಗೆ ಬಿಡಬೇಕು, ಯಾವುದನ್ನು ಬಿಡಬಾರದು ಎನ್ನುವ ಹಕ್ಕು ಹಾಡು ಕಟ್ಟಿದವರದು. ಆದರೂ ಮುಂದೆ ಆದದ್ದನ್ನು ನೋಡಿ. 1966ರ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ, ಡಿಲನ್ ವಿದ್ಯುತ್ ಗಿಟಾರ್ ಹಿಡಿದದ್ದಕ್ಕೆ ಸಿಟ್ಟಾದ ಕೇಳುಗನೊಬ್ಬ ಅವರನ್ನು ಜೂಡಾಸ್ ಎಂದು ಕೂಗಿ ಕರೆದ ಕಚೇರಿ ವರ್ಷಗಟ್ಟಲೆ ಬೂಟ್‌ಲೆಗ್ ಆಗಿ ಹರಿದಾಡಿತು, ಅದೂ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂಬ ತಪ್ಪು ಹೆಸರಿನಲ್ಲಿ. ಆ ಕೂಗು ಮ್ಯಾಂಚೆಸ್ಟರಿನದು ಎಂದು ಟೇಪು ಟೇಪುಗಳನ್ನು ಹೋಲಿಸಿ ಪಟ್ಟು ಹಿಡಿದವರು ಅಭಿಮಾನಿಗಳೇ. ಕಂಪನಿ ಅದನ್ನು ಬಿಡುಗಡೆ ಮಾಡಿದ್ದು 1998ರಲ್ಲಿ. 1991ರಲ್ಲಿ ಶುರುವಾದ ಆ ಅಧಿಕೃತ ಮಾಲಿಕೆಗೆ ಇಟ್ಟ ಹೆಸರೇ 'ಬೂಟ್‌ಲೆಗ್ ಸೀರೀಸ್'. ನೆಲಮಾಳಿಗೆಯ ಹಾಡುಗಳೆಂದು ಹೆಸರಾದ 1967ರ ಮುದ್ರಣಗಳು ಪೂರ್ಣರೂಪದಲ್ಲಿ, 138 ಭಾಗಗಳಾಗಿ, 2014ರಲ್ಲಿ ಬಂದವು. ಒಮ್ಮೆ ಅಪರಾಧವಾಗಿದ್ದ ಆಸಕ್ತಿ ಇಂದು ಅದೇ ಕಂಪನಿಯ ವ್ಯಾಪಾರವಾಗಿದೆ, ಕಲಾವಿದರಿಗೂ ಅದರಿಂದ ಹಣ ಬರುತ್ತದೆ.

ಗ್ರೇಟ್‌ಫುಲ್ ಡೆಡ್ ತಂಡ ಈ ಜಗಳಕ್ಕೆ ಬೇರೆಯೇ ದಾರಿ ಹಿಡಿಯಿತು. 1965ರಿಂದ 1995ರವರೆಗೆ ಸುಮಾರು 2,300 ಕಚೇರಿಗಳನ್ನು ನಡೆಸಿದ, ಒಂದು ರಾತ್ರಿ ನುಡಿಸಿದಂತೆ ಇನ್ನೊಂದು ರಾತ್ರಿ ನುಡಿಸದ ಆ ತಂಡದ ಅಭಿಮಾನಿಗಳು ಮೈಕು ಹೊತ್ತು ಬಂದು ಎಲ್ಲವನ್ನೂ ಟೇಪು ಮಾಡುತ್ತಿದ್ದರು. ತಂಡ ಅವರನ್ನು ಓಡಿಸಲಿಲ್ಲ. 1984ರಲ್ಲಿ ಟೇಪ್ ಮಾಡುವವರಿಗೆಂದೇ ಪ್ರತ್ಯೇಕ ಜಾಗ ಗುರುತಿಸಿತು. ಟೇಪನ್ನು ಹಂಚಿಕೊಳ್ಳಬಹುದು, ಮಾರಬಾರದು ಎಂಬ ಕಟ್ಟಳೆಯನ್ನು ಅಭಿಮಾನಿಗಳೇ ಕಾಯ್ದುಕೊಂಡರು. ಪ್ರತಿಗೆ ಪ್ರತಿ ಕೊಡುವುದು, ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ಖರ್ಚು ಕಳಿಸಿದ ಹೊಸಬರಿಗೆ ತುಂಬಿಸಿ ಕಳಿಸುವುದು, ಹೀಗೆ ನಡೆಯಿತು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ 1977ರ ಮೇ 8ರಂದು ನಡೆದ ಕಚೇರಿಯ ಖ್ಯಾತಿ ಈ ಹಂಚಿಕೆಯಿಂದಲೇ ಬೆಳೆಯಿತು. ತಂಡದ ಧ್ವನಿ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮಾಡಿದ್ದ ಆ ಮುದ್ರಣದ ಮೂಲ ಟೇಪುಗಳು, ಬಾಡಿಗೆ ಕಟ್ಟದ ಗೋದಾಮಿನಿಂದ ಹರಾಜಾಗಿ ಯಾರ್ಯಾರದೋ ಕೈ ಸೇರಿದ್ದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು 2012ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅಧಿಕೃತ ಆಲ್ಬಮ್ಮಾಗಿ ಅದು ಅಂಗಡಿಗೆ ಬಂದದ್ದು 2017ರಲ್ಲಿ. ದೇಶದ ಗ್ರಂಥಾಲಯ ಮನ್ನಣೆ ಕೊಟ್ಟಾಗ ಅದು ಇನ್ನೂ ಮಾರಾಟದ ಸರಕೇ ಆಗಿರಲಿಲ್ಲ!

ಇನ್ನೂ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ, ಅದನ್ನು ಎದುರಿಸದೆ ಗೀಳನ್ನು ಹೊಗಳುವುದು ಅಪ್ರಾಮಾಣಿಕ. ಉಳಿಸುವವನು ಆಯ್ದು ಉಳಿಸುತ್ತಾನೆ. ಅಪರೂಪವಾದದ್ದೇ ಶ್ರೇಷ್ಠ ಎಂಬ ಭ್ರಮೆ ಸಂಗ್ರಾಹಕರನ್ನು ಸುಲಭವಾಗಿ ಆವರಿಸುತ್ತದೆ. ಮೆಕ್ಯೂನ್ ಬಳಗ ಒಂಟಿ ಗಿಟಾರಿನ, ಹೆಸರಿಲ್ಲದ, ನೊಂದ ಗಂಡಸನ್ನು ಬ್ಲೂಸಿನ ಮುಖವಾಗಿಸಿತು. ಆದರೆ ಬ್ಲೂಸ್ ಧ್ವನಿಮುದ್ರಣದ ಮಾರುಕಟ್ಟೆಯನ್ನು ತೆರೆದವರು ಹೆಂಗಸರು. ಮೇಮಿ ಸ್ಮಿತ್ 1920ರಲ್ಲಿ ಹಾಡಿದ 'ಕ್ರೇಜಿ ಬ್ಲೂಸ್' ಅಪಾರವಾಗಿ ಮಾರಾಟವಾಯಿತು, ಹಿಂದೆಯೇ ಮಾ ರೇನಿ, ಬೆಸ್ಸಿ ಸ್ಮಿತ್ ಬಂದರು. ಅವರ ಕಾಲದ ಕಪ್ಪು ಜನ ಕೇಳಿ ಕುಣಿದದ್ದು ಅವರ ಹಾಡಿಗೆ. ರಾಬರ್ಟ್ ಜಾನ್ಸನ್ ತಮ್ಮ ಜೀವಿತಕಾಲದಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ ಎಂಬುದನ್ನು ಎಲಿಜಾ ವಾಲ್ಡ್ 2004ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ನಾಲ್ಕು ದಾರಿ ಕೂಡುವಲ್ಲಿ ಜಾನ್ಸನ್ ಸೈತಾನನಿಗೆ ಆತ್ಮ ಮಾರಿದರೆಂಬ ಕಥೆಯನ್ನು ದಂತಕಥೆಯಾಗಿ ಹಬ್ಬಿಸಿದವರೂ ಬಹುಮಟ್ಟಿಗೆ ಬಿಳಿಯ ಅಭಿಮಾನಿಗಳೇ. ಪರಿಣಾಮವನ್ನು ಅಳೆಯಲು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸಾಕು. 1986ರಲ್ಲಿ ಅದು ಗೌರವಿಸಿದ ಮೊದಲ ಸಾಲಿನ ಗಾಯಕರೆಲ್ಲ ಗಂಡಸರು. ಆರಂಭಿಕ ಪ್ರಭಾವವೆಂದು ಜಾನ್ಸನ್ ಅದೇ ವರ್ಷ ಒಳಗೆ ಬಂದರು. 1938ರಲ್ಲೇ ಪ್ಲೇಟು ಹಾಡಿ, ವಿದ್ಯುತ್ ಗಿಟಾರಿನಿಂದ ಇಗರ್ಜಿಯ ಹಾಡನ್ನು ಮೊರೆಯಿಸಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ 2018ರವರೆಗೆ ಹೊರಗೆ ಕಾದರು.

ಈ ದೋಷವನ್ನು ನಾನು ಸಣ್ಣದು ಮಾಡಲಾರೆ. ಆದರೆ ಅದು ತಿದ್ದಿಕೊಂಡ ಬಗೆಯನ್ನೂ ಗಮನಿಸಬೇಕು. 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣವೊಂದರಲ್ಲಿ, ಮಳೆ ಬಂದು ನಿಂತ ಪ್ಲಾಟ್‌ಫಾರ್ಮಿನಲ್ಲಿ ಥಾರ್ಪ್ ಗಿಟಾರ್ ನುಡಿಸುತ್ತಿರುವ ಗ್ರನಾಡಾ ಟಿವಿಯ ದೃಶ್ಯವನ್ನು ಹುಡುಕಿ, ನಕಲು ಮಾಡಿ, ಹಂಚಿ, ಹೊಸ ತಲೆಮಾರಿಗೆ ತಲುಪಿಸಿದವರೂ ಗೀಳಿನವರೇ. ವಾಲ್ಡ್ ಕೂಡ ಹೊರಗಿನಿಂದ ಬಂದು ತೀರ್ಪು ಕೊಟ್ಟವರಲ್ಲ, ಬ್ಲೂಸ್ ಗಿಟಾರ್ ನುಡಿಸುತ್ತ ಬೆಳೆದವರು. ಇನ್ನೊಂದು ಉದಾಹರಣೆ ಡೆಟ್ರಾಯಿಟ್‌ನ ಸಿಕ್ಸ್ಟೊ ರೊಡ್ರಿಗೆಜ್. 1970ರ ಅವರ 'ಕೋಲ್ಡ್ ಫ್ಯಾಕ್ಟ್' ಅಮೆರಿಕದಲ್ಲಿ ಮುಳುಗಿತು, ದಕ್ಷಿಣ ಆಫ್ರಿಕದಲ್ಲಿ ಮನೆಮಾತಾಯಿತು. ಅವರು ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರೆಂಬ ಸುದ್ದಿ ಅಲ್ಲಿ ಹಬ್ಬಿತ್ತು. ಅಲ್ಲಿನ ಅಭಿಮಾನಿಗಳು ಒಂದು ಹಾಡಿನಲ್ಲಿದ್ದ ಡಿಯರ್‌ಬಾರ್ನ್ ಎಂಬ ಊರಿನ ಹೆಸರಿನ ಜಾಡು ಹಿಡಿದು ಅವರನ್ನು ಜೀವಂತ ಕಂಡರು. ಜಾನ್ ಹರ್ಟ್‌ರ ಕಥೆಯೇ ಮತ್ತೊಮ್ಮೆ ನಡೆದಂತೆ. 1998ರಲ್ಲಿ ರೊಡ್ರಿಗೆಜ್ ಅಲ್ಲಿ ತುಂಬಿದ ಸಭಾಂಗಣಗಳಲ್ಲಿ ಹಾಡಿದರು. ಈ ಕಥೆಯ ಸಾಕ್ಷ್ಯಚಿತ್ರ 2013ರಲ್ಲಿ ಆಸ್ಕರ್ ಪಡೆಯಿತು. ಆದರೆ ರೊಡ್ರಿಗೆಜ್ 1979 ಮತ್ತು 1981ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರವಾಸ ಮಾಡಿ ಹಾಡಿದ್ದರು ಎಂಬುದನ್ನು ಚಿತ್ರ ಬಿಟ್ಟಿತ್ತು, ಏಕೆಂದರೆ ಸಂಪೂರ್ಣ ಮರೆವಿನ ಕಥೆಗೆ ಅದು ಒಗ್ಗುವುದಿಲ್ಲ. ಅದನ್ನು ಎತ್ತಿ ತೋರಿಸಿದವರಲ್ಲಿ ಹಳೆಯ ಅಭಿಮಾನಿಗಳೂ ಇದ್ದರು. ಒಳ್ಳೆಯ ಕಥೆಗೆ ಮನಸೋಲುವುದು ಒಂದು ಗೀಳಾದರೆ, ತಪ್ಪು ದಿನಾಂಕವನ್ನು ಸಹಿಸಲಾರದ್ದು ಇನ್ನೊಂದು. ಈ ಎರಡನೆಯದನ್ನೇ ನಾನು ನಂಬುತ್ತೇನೆ.

ಆ ಎರಡನೆಯ ಬಗೆಯ ಪೂರ್ಣ ರೂಪ ಮಾರ್ಕ್ ಲೂಯಿಸನ್. ಬೀಟಲ್ಸ್ ಅಭಿಮಾನಿಯಾಗಿ ಆರಂಭಿಸಿ, ಅಬ್ಬೆ ರೋಡ್ ಸ್ಟುಡಿಯೊದ ಟೇಪುಗಳನ್ನು ಕೇಳಿ, ದಿನದಿನದ ಕೆಲಸವನ್ನು ದಾಖಲಿಸಿದ ಅವರ ಪುಸ್ತಕ 1988ರಲ್ಲಿ ಬಂತು. 2013ರಲ್ಲಿ ಬಂದ ಅವರ ಬೃಹತ್ ಚರಿತ್ರೆಯ ಮೊದಲ ಸಂಪುಟ 1962ರ ಕೊನೆಗೇ ನಿಲ್ಲುತ್ತದೆ, ಅಂದರೆ ತಂಡ ಲೋಕಪ್ರಸಿದ್ಧವಾಗುವ ಮೊದಲೇ. ಇಷ್ಟು ವಿವರ ಯಾಕೆ ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. 1962ರ ಜೂನ್ 6ರಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಬೀಟಲ್ಸ್ ತಂಡವನ್ನು ಪರೀಕ್ಷಿಸಿ, ಮೆಚ್ಚಿ, ಆರಿಸಿಕೊಂಡರು ಎಂಬುದು ದಶಕಗಳ ನಂಬಿಕೆ. ಒಪ್ಪಂದದ ಕಾಗದಗಳು ಅದಕ್ಕೆ ಮೊದಲೇ ಸಿದ್ಧವಾಗಿದ್ದವು, ಕಂಪನಿಯ ಒಳಗಿನ ಹಾಡಿನ ಹಕ್ಕುಗಳ ಆಸಕ್ತಿ ಅದರ ಹಿಂದಿತ್ತು ಎಂದು ಲೂಯಿಸನ್ ದಾಖಲೆಗಳಿಂದ ತೋರಿಸಿದರು. ಪ್ರತಿಭೆಯನ್ನು ಕಂಡೊಡನೆ ಗುರುತಿಸಿದ ಮಹಾನುಭಾವನ ಕಥೆ ಹೋಗಿ, ಕಚೇರಿ ವ್ಯವಹಾರದ ಕಥೆ ಬಂತು.

ಕಲಾವಿದರ ಮನೆಯ ಕಸದ ಬುಟ್ಟಿ ಕೆದಕುವ, ಅವರ ಮಕ್ಕಳ ಹಿಂದೆ ಬೀಳುವ ಅಭಿಮಾನವನ್ನು ಇದರ ಜೊತೆ ಸೇರಿಸುವವರಿದ್ದಾರೆ. 1980ರ ಡಿಸೆಂಬರ್ 8ರಂದು ಜಾನ್ ಲೆನನ್‌ರನ್ನು ಕೊಂದವನು ಅದೇ ದಿನ ಅವರ ಸಹಿ ಪಡೆದಿದ್ದ. ಆದರೆ ಅದು ಮನುಷ್ಯನನ್ನು ಸ್ವಾಧೀನ ಮಾಡಿಕೊಳ್ಳುವ ಹಂಬಲ. ಹಾಡಿನ ಹಿನ್ನೆಲೆ ಅರಿಯುವ ಹಂಬಲದೊಡನೆ ಅದನ್ನು ತೂಗುವುದು ನ್ಯಾಯವಲ್ಲ. ಇದೆಲ್ಲ ಬರೀ ಕೊಳ್ಳುಬಾಕತನ, ಹೊಸದೇನೂ ಹುಟ್ಟುವುದಿಲ್ಲ ಎಂಬ ಟೀಕೆಗೆ ಲೆನ್ನಿ ಕೇ ಅವರೇ ಉತ್ತರ. ಮರೆತುಹೋಗಿದ್ದ ಗ್ಯಾರೇಜ್ ತಂಡಗಳ 27 ಹಾಡುಗಳನ್ನು ಆಯ್ದು 1972ರಲ್ಲಿ ಎಲೆಕ್ಟ್ರಾ ಕಂಪನಿಗೆ 'ನಗೆಟ್ಸ್' ಸಂಕಲನ ಕಟ್ಟಿಕೊಟ್ಟ ಈ ಸಂಗ್ರಾಹಕ, ಮೂರೇ ವರ್ಷಗಳಲ್ಲಿ ಪ್ಯಾಟಿ ಸ್ಮಿತ್ ಅವರ 'ಹಾರ್ಸಸ್' ಆಲ್ಬಮ್ಮಿನ ಗಿಟಾರ್ ವಾದಕ. ಪಂಕ್ ಸಂಗೀತದ ಬೇರು ಹುಡುಕುವವರು ಇಂದಿಗೂ ಈ ಎರಡನ್ನೂ ಹೆಸರಿಸುತ್ತಾರೆ.

ನಮ್ಮ ದೇಶದ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಬಂದರು. ಆ ಜನರನ್ನು ಬೆಳೆಸಿದ್ದು ಅಂಗಡಿಗಳಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಹೋದ ಕ್ಯಾಸೆಟ್ಟಿನ ನಕಲುಗಳು. ಆದರೆ ಭಾರತದ್ದೇ ರಾಕ್ ಎಲ್ಲಿದೆ? 1970 ಮತ್ತು 1971ರ ಸಿಮ್ಲಾ ಬೀಟ್ ಸ್ಪರ್ಧೆಯ ಎಲ್‌ಪಿಗಳು, ಮುಂಬೈನ ಅಟಾಮಿಕ್ ಫಾರೆಸ್ಟ್ ತಂಡದ ಆಲ್ಬಮ್ಮು ಮತ್ತೆ ಕೇಳಲು ಸಿಕ್ಕಿದ್ದು ಬಹುಮಟ್ಟಿಗೆ ಹೊರದೇಶದ ಸಂಗ್ರಾಹಕರು ಅವನ್ನು ಮರುಮುದ್ರಿಸಿದ್ದರಿಂದ. ನಮ್ಮಲ್ಲಿ ಈ ಬಗೆಯ ಗೀಳೇ ಇಲ್ಲವೆಂದಲ್ಲ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ಚರಿತ್ರೆಯನ್ನು ಬೆಂಗಳೂರಿನ ವಿಕ್ರಮ್ ಸಂಪತ್ ಬರೆಯಲು ಸಾಧ್ಯವಾದದ್ದು ಮೈಸೂರು ಅರಮನೆಯ ಕಡತಗಳ ಜೊತೆಗೆ ಪ್ಲೇಟು ಕೂಡಿಟ್ಟವರ ನೆರವೂ ಇದ್ದುದರಿಂದ. ಬೆಂಗಳೂರಿನ ರಾಕ್ ತಂಡಗಳು ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಕಾಲೇಜು ಉತ್ಸವಗಳಲ್ಲಿ ನುಡಿಸಿದ್ದಕ್ಕೆ ಅಂಥ ಅರಮನೆ ಕಡತವೂ ಇಲ್ಲ. ಇರುವುದಿದ್ದರೆ ಯಾರದೋ ಅಟ್ಟದ ಮೇಲಿನ ಡಬ್ಬಿಯಲ್ಲಿ ಮಾತ್ರ.

ಈಗ ಎಲ್ಲ ಹಾಡೂ ಫೋನಿನಲ್ಲಿ ಸಿಗುತ್ತದೆ, ಇನ್ನು ಕೂಡಿಡುವವರು ಯಾಕೆ ಬೇಕು ಎನ್ನುವವರು ಒಂದನ್ನು ಯೋಚಿಸಬೇಕು. ಸ್ಟ್ರೀಮಿಂಗ್‌ನಲ್ಲಿ ಇರುವುದು ಹಕ್ಕುದಾರರು ಇಡಲು ಒಪ್ಪಿದ್ದು. ಒಪ್ಪಂದ ಮುಗಿದರೆ ಆಲ್ಬಮ್ಮು ಒಂದೇ ರಾತ್ರಿಯಲ್ಲಿ ಮಾಯವಾಗುತ್ತದೆ, ಮರುಮಿಶ್ರಣ ಬಂದರೆ ಹಳೆಯ ಮಿಶ್ರಣ ಹಿಂದೆ ಸರಿಯುತ್ತದೆ. ಯಾರು ನುಡಿಸಿದರು ಎಂಬ ವಿವರವೂ ಹಲವು ಬಾರಿ ಅಲ್ಲಿರುವುದಿಲ್ಲ. ಕಂಪನಿ ಎಂದೂ ಮುದ್ರಿಸದ ಕಚೇರಿಗಳಂತೂ ಅಲ್ಲಿ ಬರುವುದೇ ಇಲ್ಲ. ಷಿಕಾಗೋದ ಕೇಳುಗರೊಬ್ಬರು 1984ರಿಂದ ಚೀಲದಲ್ಲಿ ರೆಕಾರ್ಡರ್ ಇಟ್ಟುಕೊಂಡು ಸಣ್ಣ ಕ್ಲಬ್ಬುಗಳಲ್ಲಿ ಟೇಪು ಮಾಡಿದ ಕಚೇರಿಗಳು 10,000ಕ್ಕೂ ಹೆಚ್ಚು. 1989ರಲ್ಲಿ, ಇನ್ನೂ ಹೆಸರು ಮಾಡದ ನಿರ್ವಾಣ ತಂಡ ಅಲ್ಲಿ ನುಡಿಸಿದ್ದೂ ಅದರಲ್ಲಿದೆ. ಆ ಕ್ಯಾಸೆಟ್ಟುಗಳ ಕಾಂತಪಟ್ಟಿ ಈಗ ಸವೆಯುತ್ತಿದೆ. ಸ್ವಯಂಸೇವಕರು ಪೆಟ್ಟಿಗೆ ಪೆಟ್ಟಿಗೆಯಾಗಿ ಒಯ್ದು ಇಂಟರ್‌ನೆಟ್ ಆರ್ಕೈವ್‌ಗಾಗಿ ಡಿಜಿಟಲ್ ರೂಪಕ್ಕೆ ಇಳಿಸುತ್ತಿದ್ದಾರೆ. ಎಂಬತ್ತರ ದಶಕದ ಡೆಕ್ಕುಗಳನ್ನು ಹುಡುಕಿ ರಿಪೇರಿ ಮಾಡಬೇಕು, ಹಾಡಿನ ಹೆಸರು ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ಟು ಅವರ ಮುಂದೆ ತೊಂಬತ್ತು ನಿಮಿಷವೂ ಓಡಲೇಬೇಕು.